ತೇಪೆ ಮತ್ತು ಸಿಡಿಲು: ಉತ್ತರ ಬೆಂಗಳೂರಿನ ಒಂದು ಕಸುಬಿನ ಜನಪದೀಯ ಇತಿಹಾಸ

ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ, ಮೇದರ ಬುಟ್ಟಿಗಾರಿಕೆ ಮೊದಲಾದ ಕಸುಬುಗಳನ್ನು ಕುರಿತು ಕನ್ನಡದಲ್ಲಿ ಗಣನೀಯ ಅಧ್ಯಯನಗಳು ನಡೆದಿವೆ. ಆದರೆ ಕಾರ್ಖಾನೆಯೊಳಗೆ, ವಿಮಾನದ ಹ್ಯಾಂಗರಿನೊಳಗೆ ನಡೆಯುವ ಕೈಕೆಲಸವನ್ನು ವೃತ್ತಿ ಜನಪದದ ಕಕ್ಷೆಗೆ ತರಲು ನಾವು ಹಿಂಜರಿದಿದ್ದೇವೆ. ಯಂತ್ರವಿದ್ದಲ್ಲಿ ಜನಪದವಿಲ್ಲ ಎಂಬ ಹಳೆಯ ತಿಳಿವಳಿಕೆಯೇ ಇದಕ್ಕೆ ಕಾರಣ. ಪ್ರಸ್ತುತ ಲೇಖನವು ಅಂಥ ಒಂದು ಕೈಕೆಲಸವನ್ನು ಎತ್ತಿಕೊಳ್ಳುತ್ತದೆ. ಕಾಂಪೋಸಿಟ್ ಎಂದು ಕಸುಬಿನವರು ಕರೆಯುವ ಸಂಯುಕ್ತ ವಸ್ತುವಿನಿಂದ ಮಾಡಿದ ವಿಮಾನದ ಮೈ ಒಡೆದಾಗ ಅದಕ್ಕೆ ತೇಪೆ ಹಾಕುವುದು, ಹಾಗೂ ತೇಪೆ ಬಿದ್ದ ಆ ಜಾಗವನ್ನು ಸಿಡಿಲಿನಿಂದ ಕಾಯುವುದು ಇಲ್ಲಿಯ ವಸ್ತು.

ಈ ವಿಷಯದತ್ತ ನಾನು ಬಂದದ್ದು ನನ್ನದೇ ತಪ್ಪೊಂದರ ಮೂಲಕ. ಸುಮಾರು ಹದಿನೈದು ವರ್ಷಗಳ ಹಿಂದೆ ವಿಚಾರ ಸಂಕಿರಣವೊಂದರಲ್ಲಿ ಮಾತನಾಡುತ್ತ, ದೇವಾಲಯದ ಶಿಖರದ ಮೇಲಿನ ತಾಮ್ರದ ಕಳಶವು ನಮ್ಮ ಪೂರ್ವಿಕರು ಕಂಡುಕೊಂಡಿದ್ದ ಮಿಂಚುವಾಹಕವೆಂದು ಪ್ರತಿಪಾದಿಸಿದ್ದೆ. ಸಭೆಯಲ್ಲಿದ್ದ ನಿವೃತ್ತ ವಿಮಾನ ತಂತ್ರಜ್ಞರೊಬ್ಬರು ಎದ್ದು ನಿಂತು, ಕಳಶದಿಂದ ಹೊರಟ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಹಿಂದೆ ಒಂದು ಕಸುಬಿನ ಅನುಭವವಿತ್ತೆಂಬುದು ಅನಂತರ ಅವರೊಡನೆ ಮಾತನಾಡಿದಾಗ ತಿಳಿಯಿತು.

ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯು ಆಕಾಶಕ್ಕೆ ಸಂಬಂಧಿಸಿದ ಉದ್ಯೋಗಗಳ ಬೀದಿಯೆಂದರೆ ಅತಿಶಯೋಕ್ತಿಯಲ್ಲ. ಜಕ್ಕೂರಿನಲ್ಲಿ 1940ರ ದಶಕದ ಕೊನೆಯಿಂದ ಹಾರಾಟ ಕಲಿಸುವ ಸರ್ಕಾರಿ ಶಾಲೆಯ ಮೈದಾನವಿದೆ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ; 1996ರಿಂದ ಅಲ್ಲಿ ವೈಮಾನಿಕ ಪ್ರದರ್ಶನ ನಡೆದುಬಂದಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಪಶ್ಚಿಮಕ್ಕೆ ಯಶವಂತಪುರದ ಮಗ್ಗುಲಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದ್ದು, ಅದರ ಉನ್ನತ ವೋಲ್ಟೇಜ್ ಪ್ರಯೋಗಾಲಯದಲ್ಲಿ ಸಿಡಿಲಿನ ಹೊಡೆತವನ್ನು ಹೋಲುವ ವಿದ್ಯುತ್ ಆವೇಗವನ್ನು ಕೃತಕವಾಗಿ ಉಂಟುಮಾಡಿ ಪರೀಕ್ಷೆಗಳನ್ನು ನಡೆಸುತ್ತಾರೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಈ ಸೀಮೆಯ ಮೇಲೆ ಗುಡುಗಿನ ಮೋಡ ಕಟ್ಟುವುದನ್ನು ಇಲ್ಲಿಯ ರೈತನೂ ನೋಡುತ್ತಾನೆ, ಪೈಲಟ್ಟೂ ನೋಡುತ್ತಾನೆ.

ಸಿಡಿಲನ್ನು ಕುರಿತ ಜನಪದ ನಂಬಿಕೆಗಳು ಬಹುಮಟ್ಟಿಗೆ ಎರಡು ಬಗೆಯವು. ಸಿಡಿಲಿಗೆ ಮೊದಲು ಪಾಲಿಸುವ ರಕ್ಷಣೆಯ ಆಚರಣೆಗಳು ಒಂದು ಬಗೆ. ಬಿದ್ದ ಮೇಲೆ ಒಡೆದುದನ್ನು ಏನು ಮಾಡಬೇಕೆಂಬುದು ಇನ್ನೊಂದು ಬಗೆ. ಗುಡುಗಿದಾಗ ಅರ್ಜುನ, ಫಲ್ಗುಣ ಎಂದು ಪಾರ್ಥನ ಹತ್ತು ಹೆಸರುಗಳನ್ನು ಹೇಳುವುದು ನಾಡಿನಾದ್ಯಂತ ಕಂಡುಬರುತ್ತದೆ. ಕಬ್ಬಿಣದ ಹಾರೆಯನ್ನೋ ಕತ್ತಿಯನ್ನೋ ಅಂಗಳಕ್ಕೆ ಎಸೆಯುವುದು ಮತ್ತೊಂದು. ನನ್ನ ಅಜ್ಜಿ ಮೊದಲ ಗುಡುಗು ಕೇಳುತ್ತಲೇ ಹಾರೆಯನ್ನು ಹೊರಗೆ ಹಾಕಿಸುತ್ತಿದ್ದರು; ತರಲು ಹೋದ ಮಕ್ಕಳಿಗೆ ಬೈಗುಳ ಖಚಿತವಾಗಿತ್ತು. ಅಂಗಳದಲ್ಲಿ ಮಲಗಿಸಿದ ಹಾರೆ ಮನೆಯನ್ನು ಕಾಯುವುದಿಲ್ಲ. ಆದರೆ ಲೋಹಕ್ಕೂ ಸಿಡಿಲಿಗೂ ಏನೋ ನಂಟಿದೆ, ಆ ನಂಟನ್ನು ಮನೆಯಿಂದ ಹೊರಗಿಡಬೇಕು ಎಂಬ ಗ್ರಹಿಕೆ ಅದರ ಹಿಂದಿರುವಂತೆ ತೋರುತ್ತದೆ.

ಎರಡನೆಯ ಬಗೆಗೆ ಉದಾಹರಣೆಗಳು ವಿರಳ, ಆದರೆ ಹೆಚ್ಚು ಅರ್ಥಪೂರ್ಣ. ಬಾದಾಮಿಯ ಬಳಿಯ ಸಿಡಿಲಪಡಿ ಎಂಬ ಪ್ರಾಗೈತಿಹಾಸಿಕ ಚಿತ್ರಗಳಿರುವ ಬಂಡೆಯಾಸರೆಗೆ, ಸಿಡಿಲು ಹೊಡೆದು ಬಂಡೆ ತೂತಾಯಿತೆಂಬ ನಂಬಿಕೆಯಿಂದ ಆ ಹೆಸರು ಬಂದಿದೆ. ಅಲ್ಲಿ ಒಡೆದದ್ದು ಒಡೆದಂತೆಯೇ ಉಳಿದು ಸ್ಥಳನಾಮವಾಯಿತು. ಹಿಮಾಚಲ ಪ್ರದೇಶದ ಕುಲ್ಲುವಿನ ಬಿಜಲಿ ಮಹಾದೇವನ ಐತಿಹ್ಯವು ಇದಕ್ಕೆ ವ್ಯತಿರಿಕ್ತವಾದುದು. ಎತ್ತರದ ಧ್ವಜಸ್ತಂಭದ ಮೂಲಕ ಇಳಿದ ಸಿಡಿಲು ಲಿಂಗವನ್ನು ಚೂರು ಮಾಡುತ್ತದೆ. ಅರ್ಚಕನು ಬೆಣ್ಣೆ ಮತ್ತು ಹಿಟ್ಟಿನಿಂದ ಚೂರುಗಳನ್ನು ಕೂಡಿಸುತ್ತಾನೆ. ಕಾಲಕ್ರಮದಲ್ಲಿ ಲಿಂಗ ಮತ್ತೆ ಗಟ್ಟಿಯಾಗುತ್ತದೆ. ದುರಸ್ತಿಯಾದ ವಸ್ತು ಮುಂದಿನ ಸಿಡಿಲಿಗೆ ಮತ್ತೆ ತೆರೆದೇ ಇರುತ್ತದೆ ಎಂಬುದನ್ನು ಈ ಕಥೆ ಮರೆಮಾಚುವುದಿಲ್ಲ. ಅಲ್ಲಿ ಅದು ದೇವರ ಇಚ್ಛೆ. ವಿಮಾನದ ರೆಕ್ಕೆಯ ವಿಷಯದಲ್ಲಿ ಆ ಸಮಾಧಾನ ಸಲ್ಲದು.

ನಾರು ಮತ್ತು ಅಂಟು

ಸಂಯುಕ್ತ ವಸ್ತುವೆಂಬುದು ಹೆಸರಿನಿಂದ ಹೊಸದಾದರೂ ತತ್ತ್ವದಿಂದ ಹೊಸದಲ್ಲ. ಎಳೆತವನ್ನು ತಡೆಯುವ ನಾರು ಒಂದು, ನಾರನ್ನು ಹಿಡಿದಿಟ್ಟು ಆಕಾರ ಕೊಡುವ ಅಂಟು ಇನ್ನೊಂದು. ಮಣ್ಣಿಗೆ ಹುಲ್ಲು ತುಳಿದು ಕಟ್ಟಿದ ಗೋಡೆ, ಬಿದಿರು ಹೆಣೆದು ಸಗಣಿ ಮಣ್ಣು ಮೆತ್ತಿದ ಕಣಜ ಇದೇ ಜಾತಿಯವು. ನಮ್ಮ ಮನೆಗಳಲ್ಲಿ ಮೊರದ ಹೆಣಿಗೆ ಸಡಿಲವಾದಾಗ ಮೆಂತ್ಯವನ್ನೂ ಹಳೆಯ ಕಾಗದವನ್ನೂ ನೆನೆಸಿ ರುಬ್ಬಿ ಬಳಿಯುತ್ತಿದ್ದರು. ಬಿದಿರಿನ ಎಳೆ, ಕಾಗದದ ನಾರು, ಮೆಂತ್ಯದ ಲೋಳೆ: ದುರಸ್ತಿಯಾದ ಸಂಯುಕ್ತ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ವಿಮಾನದ ಮೈಯೂ ಮೊದಲಿಗೆ ಮರ, ಬಟ್ಟೆ ಮತ್ತು ಅಂಟಿನದೇ ಆಗಿತ್ತು. ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು 1958ರಲ್ಲಿ ಹಾರಿಸಿದ ಪುಷ್ಪಕ್ ಎಂಬ ಚಿಕ್ಕ ವಿಮಾನಕ್ಕೆ ಬಟ್ಟೆಯ ಹೊದಿಕೆಯಿತ್ತು. ದೇಶದ ಹಾರಾಟ ಸಂಘಗಳಲ್ಲಿ ಅದು ದಶಕಗಳ ಕಾಲ ಬಳಕೆಯಲ್ಲಿತ್ತು. ಬಟ್ಟೆ ಹರಿದರೆ ಸೂಜಿದಾರದಿಂದ ಹೊಲಿದು, ಅಂಚು ಬಿಚ್ಚದಂತೆ ಹಲ್ಲುಹಲ್ಲಾಗಿ ಕತ್ತರಿಸಿದ ತೇಪೆಯನ್ನು ಮೇಲೆ ಅಂಟಿಸಿ, ಡೋಪ್ ಎಂಬ ಮೆರುಗನ್ನು ಬಳಿದು ಬಿಗಿಗೊಳಿಸುತ್ತಿದ್ದರು. ಇದು ದರ್ಜಿಯ ಕೆಲಸಕ್ಕೆ ಹತ್ತಿರವಾದುದು. ಸಿಡಿಲಿನ ಪ್ರಶ್ನೆ ಅಲ್ಲಿ ಹೆಚ್ಚು ಏಳಲಿಲ್ಲ, ಏಕೆಂದರೆ ಅಂಥ ವಿಮಾನ ಗುಡುಗಿನ ಮೋಡದ ಹತ್ತಿರ ಹೋಗುತ್ತಲೇ ಇರಲಿಲ್ಲ.

ಅಷ್ಟರಲ್ಲಿ ದೊಡ್ಡ ವಿಮಾನಗಳು ಅಲ್ಯೂಮಿನಿಯಮ್ಮಿನ ಮೈ ತೊಟ್ಟಿದ್ದವು. ಲೋಹದ ಮೈಯಿಂದ ಒಂದು ಕೇಳದ ವರ ಬಂದಿತು. ಸಿಡಿಲು ಮೂಗಿಗೋ ರೆಕ್ಕೆಯ ತುದಿಗೋ ತಗುಲಿ, ಹೊರಮೈಯಲ್ಲೇ ಹರಿದು, ಬಾಲದ ಕಡೆಯಿಂದ ಹೊರಟುಹೋಗುತ್ತದೆ. ಒಳಗಿದ್ದವರಿಗೆ ಬೆಳಕು ಮತ್ತು ಸದ್ದು ಮಾತ್ರ. ಪ್ರಯಾಣಿಕ ವಿಮಾನವೊಂದಕ್ಕೆ ಸರಾಸರಿ ವರ್ಷಕ್ಕೊಮ್ಮೆಯಾದರೂ ಸಿಡಿಲು ತಗಲುತ್ತದೆಂಬುದು ಸಾಮಾನ್ಯ ಅಂದಾಜು. ಈ ವರ ಸಂಪೂರ್ಣವಾದುದಲ್ಲ. 1963ರ ಡಿಸೆಂಬರ್ 8ರಂದು ಅಮೆರಿಕದ ಮೇರಿಲ್ಯಾಂಡ್‌ನ ಎಲ್ಕ್‌ಟನ್ ಬಳಿ ಸಿಡಿಲಿನಿಂದ ರೆಕ್ಕೆಯೊಳಗಿನ ಇಂಧನದ ಆವಿ ಹೊತ್ತಿಕೊಂಡು, ಪ್ಯಾನ್ ಅಮೆರಿಕನ್ ಸಂಸ್ಥೆಯ ಬೋಯಿಂಗ್ 707 ವಿಮಾನದಲ್ಲಿದ್ದ 81 ಮಂದಿಯೂ ಮಡಿದರು.

ಬೆಂಗಳೂರಿನಲ್ಲಿ ಮತ್ತೆ ನಾರು ಮತ್ತು ಅಂಟಿನ ಕಡೆಗೆ ಹೊರಳಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಹಂಸ ಎಂಬ ಇಬ್ಬರು ಕೂರುವ ತರಬೇತಿ ವಿಮಾನದ ಮೈ ಸಂಯುಕ್ತ ವಸ್ತುವಿನದು. ಅದು 1993ರಲ್ಲಿ ಮೊದಲು ಹಾರಿತು. 2001ರ ಜನವರಿ 4ರಂದು ಹಾರಿದ ಲಘು ಯುದ್ಧವಿಮಾನ, ಅನಂತರದ ತೇಜಸ್, ತೂಕದ ಲೆಕ್ಕದಲ್ಲಿ ಶೇಕಡ 45ರಷ್ಟೂ ಹೊರಮೈಯ ಲೆಕ್ಕದಲ್ಲಿ ಶೇಕಡ 90ಕ್ಕಿಂತ ಹೆಚ್ಚೂ ಸಂಯುಕ್ತ ವಸ್ತುಗಳನ್ನು ಹೊಂದಿದೆ. ಯಲಹಂಕದ ಪ್ರದರ್ಶನಗಳಲ್ಲಿ ಅದರ ಹಾರಾಟವನ್ನು ನೋಡಿದ ಸಾವಿರಾರು ಜನರಿಗೆ, ತಾವು ನೋಡುತ್ತಿರುವುದು ಬಹುಪಾಲು ನಾರು ಮತ್ತು ರೆಸಿನ್ ಎಂಬುದು ಹೊಳೆದಿರಲಾರದು.

ಹಗುರವಾಯಿತು, ತುಕ್ಕು ಹಿಡಿಯದಾಯಿತು. ಆದರೆ ಲೋಹದೊಡನೆ ಬಂದಿದ್ದ ವರ ಹೊರಟುಹೋಯಿತು. ಗಾಜಿನ ನಾರಿನ ಮೈ ವಿದ್ಯುತ್ತನ್ನು ಹರಿಯಗೊಡುವುದೇ ಇಲ್ಲ. ಕಾರ್ಬನ್ ನಾರು ಹರಿಯಗೊಟ್ಟರೂ ಅಲ್ಯೂಮಿನಿಯಮ್ಮಿಗಿಂತ ಸಾವಿರಾರು ಪಟ್ಟು ಕಡಮೆ. ಪದರದಿಂದ ಪದರಕ್ಕೆ ಇನ್ನೂ ಕಡಮೆ. ವಿಮಾನಗಳ ರಕ್ಷಣೆಯ ಮಾನದಂಡದಲ್ಲಿ ಸಿಡಿಲಿನ ಮೊದಲ ಹೊಡೆತವನ್ನು ಎರಡು ಲಕ್ಷ ಆಂಪಿಯರ್ ಎಂದು ಹಿಡಿಯುತ್ತಾರೆ. ಅಷ್ಟು ಪ್ರವಾಹ ಹೀಗೆ ತಡೆಯೊಡ್ಡುವ ಮೈಗೆ ನುಗ್ಗಿದಾಗ ರೆಸಿನ್ ಕ್ಷಣಾರ್ಧದಲ್ಲಿ ಆವಿಯಾಗಿ ಪದರಗಳು ಒಳಗಿನಿಂದ ಬಿರಿಯುತ್ತವೆ. 1999ರ ಏಪ್ರಿಲ್ 17ರಂದು ಇಂಗ್ಲೆಂಡಿನ ಡನ್‌ಸ್ಟೇಬಲ್ ಬಳಿ ಸಿಡಿಲು ತಗುಲಿದ ಗಾಜುನಾರಿನ ಗ್ಲೈಡರ್ ಒಂದು ಆಕಾಶದಲ್ಲೇ ಚೂರಾಯಿತು. ಒಳಗಿನ ಅಲ್ಯೂಮಿನಿಯಮ್ ಸರಳುಗಳ ಮೂಲಕ ಹರಿದ ಪ್ರವಾಹ ಒಳಗಾಳಿಯನ್ನು ಹಿಗ್ಗಿಸಿ ಅಂಟಿನ ಹೊಲಿಗೆಗಳನ್ನು ಬಿಚ್ಚಿತ್ತು. ಇಬ್ಬರು ಸವಾರರು ಪ್ಯಾರಾಚೂಟಿನಿಂದ ಬದುಕುಳಿದರು.

ಇದಕ್ಕೆ ಕಂಡುಕೊಂಡ ಪರಿಹಾರ ಸರಳವೇ ಆಗಿದೆ. ಕಳೆದುಹೋದ ಲೋಹವನ್ನು ಅತಿ ತೆಳುವಾದ ಜಾಲರಿಯಾಗಿ ಮೈಯ ಮೇಲ್ಪದರದಲ್ಲಿ, ಬಣ್ಣದ ಕೆಳಗೆ ಹುದುಗಿಸುತ್ತಾರೆ. ಕಾರ್ಬನ್ನಿಗೆ ತಾಗಿದ ಅಲ್ಯೂಮಿನಿಯಮ್ ಸವೆದುಹೋಗುವುದರಿಂದ ಸಾಮಾನ್ಯವಾಗಿ ತಾಮ್ರದ ಜಾಲರಿ. ಅಲ್ಯೂಮಿನಿಯಮ್ ಬಳಸುವುದಾದರೆ ನಡುವೆ ಗಾಜುನಾರಿನ ಒಂದು ಪದರವನ್ನು ಇಡಬೇಕು. ಸಿಡಿಲು ತಗುಲಿದ ಜಾಗದಲ್ಲಿ ಜಾಲರಿ ತಾನು ಆವಿಯಾಗಿ, ಪ್ರವಾಹವನ್ನು ಸುತ್ತಲಿನ ಜಾಲರಿಗೆ ಹರಡುತ್ತದೆ. ಕೆಳಗಿನ ನಾರು ಉಳಿಯುತ್ತದೆ. ಜಾಲರಿ ಒಂದು ಸಲಕ್ಕೆ ಸಲ್ಲುವ ಬಲಿ.

ದುರಸ್ತಿಯ ಕೈ

ಲೇಖನದ ಮುಖ್ಯ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಒಡೆದ ಜಾಗವನ್ನು ಮೊದಲು ಕಂಡುಹಿಡಿಯಬೇಕು. ಹೊರಗೆ ಬೆರಳುಗುರುತಿನಷ್ಟು ಕಪ್ಪು ಕಲೆ, ಒಳಗೆ ಅಂಗೈಯಗಲ ಪದರ ಬಿಟ್ಟಿರುವುದು ಅಪರೂಪವಲ್ಲ. ಶ್ರವಣಾತೀತ ತರಂಗಗಳ ಉಪಕರಣಗಳಿದ್ದರೂ, ಮೊದಲ ತಪಾಸಣೆಗೆ ಇಂದಿಗೂ ಬಳಸುವುದು ಒಂದು ನಾಣ್ಯವನ್ನು ಅಥವಾ ಚಿಕ್ಕ ಸುತ್ತಿಗೆಯನ್ನು. ಮೈಯ ಮೇಲೆ ಸಾಲಾಗಿ ತಟ್ಟುತ್ತ ಹೋಗಬೇಕು. ಗಟ್ಟಿಯಾದಲ್ಲಿ ಟಣ್ ಎಂಬ ಸ್ಪಷ್ಟ ದನಿ, ಪದರ ಬಿಟ್ಟಲ್ಲಿ ಬೊದ್ದು ದನಿ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವುದು ಇದನ್ನೇ. ಈ ಕಿವಿಯನ್ನು ಕೈಪಿಡಿಯಿಂದ ಕಲಿಯಲಾಗದು. ಹಿರಿಯನ ಪಕ್ಕದಲ್ಲಿ ನಿಂತು, ಒಳ್ಳೆಯ ಜಾಗವನ್ನೂ ಕೆಟ್ಟ ಜಾಗವನ್ನೂ ಮತ್ತೆಮತ್ತೆ ಕೇಳಿ ಪಳಗಿಸಿಕೊಳ್ಳಬೇಕು. ಜನಪದ ವಿದ್ವಾಂಸರು ಮೌಖಿಕ ಪರಂಪರೆ ಎಂದೊಡನೆ ಹಾಡು ಕಥೆಗಳನ್ನೇ ನೆನೆಯುತ್ತೇವೆ. ಕಿವಿಯಿಂದ ಕಿವಿಗೆ ಸಾಗುವ ಇಂಥ ಅರಿವೂ ಮೌಖಿಕವೇ ಅಲ್ಲವೆ?

ಕೆಟ್ಟ ಭಾಗವನ್ನು ತೆಗೆದ ಮೇಲೆ ಅಂಚನ್ನು ಇಳಿಜಾರಾಗಿ ಉಜ್ಜುತ್ತಾರೆ. ಒಂದು ಪಾಲು ಆಳಕ್ಕೆ ಇಪ್ಪತ್ತು ಪಾಲು ಅಥವಾ ಇನ್ನೂ ಹೆಚ್ಚು ಅಗಲ. ಹಾಗೆ ಉಜ್ಜಿದಾಗ ಪ್ರತಿ ಪದರದ ಅಂಚೂ ತೆಳುವಾದ ಉಂಗುರದಂತೆ ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ, ಮೂಲದ ಪದರದಲ್ಲಿ ನಾರು ಯಾವ ದಿಕ್ಕಿಗೆ ಓಡಿತ್ತೋ ಅದೇ ದಿಕ್ಕಿಗೆ ಹೊಸ ಪದರವನ್ನು ಹಾಸಬೇಕು. ಮೇಲೆ ಚೀಲ ಮುಚ್ಚಿ ಗಾಳಿ ಹೀರಿ, ಬಿಸಿ ಹೊದಿಕೆಯಿಂದ ರೆಸಿನ್ನಿಗೆ ತಕ್ಕಂತೆ 120ರಿಂದ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಇಷ್ಟಾದರೆ ಬಲ ಹಿಂದಿರುಗುತ್ತದೆ. ನೋಡುವವರ ಕಣ್ಣಿಗೆ ಕೆಲಸ ಮುಗಿದಂತೆ.

ಮುಗಿದಿರುವುದಿಲ್ಲ. ಗಟ್ಟಿಯಾದ, ನುಣುಪಾದ, ಬಣ್ಣ ಬಳಿದ ತೇಪೆಯೊಂದು ಜಾಲರಿಯ ದೃಷ್ಟಿಯಿಂದ ಇನ್ನೂ ತೂತೇ ಆಗಿರಬಹುದು. ತೇಪೆಯ ಮೇಲೆ ಹೊಸ ಜಾಲರಿಯ ತುಂಡನ್ನು ಹಾಸಿದರೂ ಅದು ಸುತ್ತಲಿನ ಹಳೆಯ ಜಾಲರಿಯೊಡನೆ ಕೂಡಿರದಿದ್ದರೆ ಅದೊಂದು ದ್ವೀಪ. ಸಿಡಿಲು ಆ ದ್ವೀಪದ ಮೇಲೆ ಇಳಿದರೆ ಮುಂದೆ ಹೋಗಲು ದಾರಿಯಿಲ್ಲದೆ ಅಂಚಿನಲ್ಲಿ ಕಿಡಿಯಾಗಿ ಹಾರುತ್ತದೆ, ಇಲ್ಲವೆ ಕೆಳಗಿನ ನಾರಿಗೆ ನುಗ್ಗುತ್ತದೆ. ಇಂಧನ ತುಂಬಿದ ರೆಕ್ಕೆಯ ಮೇಲೆ ಇದರ ಪರಿಣಾಮವನ್ನು ಎಲ್ಕ್‌ಟನ್ ದುರಂತ ಹೇಳುತ್ತದೆ. ಆದುದರಿಂದ ಹಳೆಯ ಜಾಲರಿಯ ಅಂಚನ್ನು, ಅದರ ಕೂದಲೆಳೆಯಂಥ ತಂತಿಗಳು ಕಡಿಯದಂತೆ, ಬಣ್ಣ ಕೆರೆದು ಬಯಲು ಮಾಡಬೇಕು. ಹೊಸ ಜಾಲರಿ ಅದರ ಮೇಲೆ ಸುತ್ತಲೂ ಒಂದಿಷ್ಟು ಹೊದ್ದುಕೊಳ್ಳಬೇಕು. ಬೆಂದ ಮೇಲೆ ಎರಡರ ನಡುವಿನ ತಡೆಯನ್ನು ಮಿಲಿಓಮ್ ಲೆಕ್ಕದಲ್ಲಿ ಅಳೆದು ನೋಡಬೇಕು. ಕೆರೆಯುವ ಕೈಗೆ ಒಂದು ಹಂತ ಜಾಸ್ತಿಯಾದರೆ ತಾಮ್ರ ಹೋಯಿತು, ಒಂದು ಹಂತ ಕಡಮೆಯಾದರೆ ಬಣ್ಣ ಉಳಿದು ಕೂಡಿಕೆ ಆಗಲಿಲ್ಲ. ಕಾಗದದ ಮೇಲೆ ಒಂದೇ ಸಾಲಿನ ಈ ಕೆಲಸಕ್ಕೆ ಕಸುಬಿನಲ್ಲಿ ಅರ್ಧ ದಿನ ಹಿಡಿಯುವುದುಂಟು.

ಬಣ್ಣದ ವಿಷಯ ನನಗೆ ಅತ್ಯಂತ ಅನಿರೀಕ್ಷಿತವಾಗಿತ್ತು. ದುರಸ್ತಿಯ ಗುರುತು ಕಾಣಬಾರದೆಂದು ತೇಪೆಯ ಮೇಲೆ ಎರಡು ಕೈ ಬಣ್ಣ ಹೆಚ್ಚು ಬಳಿಯುವ ಆಸೆ ಸಹಜ. ಆದರೆ ವಿಮಾನ ಮುಂದೆ ಸಾಗುತ್ತಿರುವಾಗ ಸಿಡಿಲಿನ ಬುಡ ಮೈಯ ಮೇಲೆ ಜಾರುತ್ತ ಹೋಗಬೇಕು. ದಪ್ಪ ಬಣ್ಣ ಅದನ್ನು ಒಂದೇ ಕಡೆ ಕೀಲಿಸಿದಂತೆ ಹಿಡಿದಿಡುತ್ತದೆ, ಹಾನಿ ಹೆಚ್ಚುತ್ತದೆ. ಚೆಂದಕ್ಕಾಗಿ ಮಾಡಿದ್ದು ಕೆಡುಕಿಗೆ ದಾರಿ.

ಇದೇ ತತ್ತ್ವ ಚಿತ್ರದುರ್ಗ, ಗದಗ ಸೀಮೆಯ ಗುಡ್ಡಗಳ ಗಾಳಿಯಂತ್ರಗಳ ರೆಕ್ಕೆಗಳಿಗೂ ಅನ್ವಯಿಸುತ್ತದೆ. ಗಾಜುನಾರಿನ ಆ ರೆಕ್ಕೆಯ ತುದಿಯಲ್ಲಿ ಲೋಹದ ಗುಂಡಿ, ಒಳಗೆ ನೆಲದವರೆಗೆ ಇಳಿಯುವ ತಂತಿ. ತುದಿಗೆ ತೇಪೆ ಹಾಕುವಾಗ ತಂತಿಯ ಕೂಡಿಕೆ ತಪ್ಪಿದರೆ ಗುಂಡಿ ಇದ್ದೂ ಇಲ್ಲದಂತೆ.

ಕಳಶದ ಪ್ರಶ್ನೆ

ಈಗ ಆ ತಂತ್ರಜ್ಞರ ಪ್ರಶ್ನೆಗೆ ಮರಳಬಹುದು. ನಮ್ಮ ಸೀಮೆಯ ಗೋಪುರ, ವಿಮಾನಗಳು ಬಹುಪಾಲು ಇಟ್ಟಿಗೆ ಮತ್ತು ಗಾರೆಯವು. ಶಿಖರದ ತುದಿಯಲ್ಲಿ ಸ್ತೂಪಿಕೀಲವೆಂಬ ಗೂಟವನ್ನು ನೆಟ್ಟು ಅದಕ್ಕೆ ಕಳಶವನ್ನು ತೊಡಿಸುವ ಕ್ರಮವನ್ನು ಮಯಮತ ಮೊದಲಾದ ವಾಸ್ತುಗ್ರಂಥಗಳು ಹೇಳುತ್ತವೆ. ಕಳಶದೊಳಗೆ ಧಾನ್ಯ ತುಂಬುವ ಪದ್ಧತಿಯಿದೆ. ಗೂಟ ಶಿಖರದೊಳಗೆ ಒಂದಷ್ಟು ದೂರ ಇಳಿದು ಗಾರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಲೋಹದ ದಾರಿಯಿಲ್ಲ. ಅಂದರೆ ಕಳಶವು ದ್ವೀಪವಾಗಿ ಉಳಿದ ಜಾಲರಿಯ ತುಂಡಿನಂತೆ. ಸಿಡಿಲು ಇಳಿದರೆ ಇಟ್ಟಿಗೆಯೊಳಗಿನ ತೇವವನ್ನು ಆವಿ ಮಾಡಿ ಗಾರೆಯನ್ನು ಸಿಡಿಸಿಯೇ ಕೆಳಗಿಳಿಯಬೇಕು. ಕಳಶವನ್ನು ಮಿಂಚುವಾಹಕವೆನ್ನುವುದು ಆ ಶಿಲ್ಪಿಗಳು ಹೇಳದಿದ್ದುದನ್ನು ಅವರ ಬಾಯಿಗೆ ತುರುಕುವುದು. ನಾನು ಅದನ್ನು ಮಾಡಿದ್ದೆ. ಇಂದಿಗೂ ಜನಪ್ರಿಯ ಪುಸ್ತಕಗಳಲ್ಲಿ ಅದು ನಡೆಯುತ್ತಿದೆ. ದೇಸಿ ಜ್ಞಾನದ ಗೌರವ ಹೆಚ್ಚಿಸುವ ಉತ್ಸಾಹದಲ್ಲಿ ಅದಕ್ಕೆ ಇಲ್ಲದ ಹೊಣೆ ಹೊರಿಸಿದರೆ, ಅದನ್ನು ನಂಬಿ ಗೋಪುರದ ಬುಡದಲ್ಲಿ ನಿಂತವನು ಬೆಲೆ ತೆರುತ್ತಾನೆ. 2021ರ ಜುಲೈ 11ರಂದು ಜೈಪುರದ ಆಮೇರ್ ಕೋಟೆಯ ಬಳಿಯ ಕಾವಲು ಗೋಪುರದ ಮೇಲೆ ಸಿಡಿಲು ಬಡಿದು ಹನ್ನೊಂದು ಮಂದಿ ಸತ್ತರು. ಎತ್ತರದ ಹಳೆಯ ಕಟ್ಟಡ ಆಸರೆಯಂತೆ ಕಾಣುತ್ತದೆ, ಆಸರೆಯಲ್ಲ.

ಇದು ನಮ್ಮ ಪರಂಪರೆಯೊಂದರ ಕೊರತೆಯೂ ಅಲ್ಲ. ವೆನಿಸ್ ನಗರದ ಸಂತ ಮಾರ್ಕನ ಗಂಟೆಗೋಪುರ 1388, 1417, 1489, 1745ರಲ್ಲಿ ಸಿಡಿಲಿಗೆ ತುತ್ತಾಗಿ ಪ್ರತಿ ಬಾರಿಯೂ ದುರಸ್ತಿಯಾಯಿತು. ಬೆಂಜಮಿನ್ ಫ್ರಾಂಕ್ಲಿನ್ ಮಿಂಚು ವಿದ್ಯುತ್ತೆಂದು ತೋರಿಸಿದ 1752ರ ಅನಂತರವೇ, 1776ರಲ್ಲಿ ಅದಕ್ಕೆ ಮಿಂಚುವಾಹಕ ಬಂದಿತು. ನಾಲ್ಕು ಶತಮಾನಗಳ ಕಾಲ ಅಲ್ಲಿಯ ಗಾರೆಯವರು ಇಟ್ಟಿಗೆಗೆ ಇಟ್ಟಿಗೆಯನ್ನು ಸೇರಿಸಿದರು, ಸಿಡಿಲಿಗೆ ದಾರಿಯನ್ನು ಸೇರಿಸಲಿಲ್ಲ.

ಹಾಗೆಂದು ಜೀರ್ಣೋದ್ಧಾರದ ಪರಂಪರೆಯಿಂದ ಕಲಿಯುವುದೇನೂ ಇಲ್ಲವೆನ್ನಲಾಗದು. ಮಯಮತದಲ್ಲಿ ಜೀರ್ಣೋದ್ಧಾರಕ್ಕೇ ಮೀಸಲಾದ ಅಧ್ಯಾಯವಿದೆ. ಕೆಲಸಕ್ಕೆ ಮುನ್ನ ಬಿಂಬದ ಕಲೆಯನ್ನು ಕುಂಭಕ್ಕೆ ಆಕರ್ಷಿಸಿ ಬಾಲಾಲಯದಲ್ಲಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠಾಪಿಸುತ್ತಾರೆ. ಗೋಡೆ ಎದ್ದಿತು, ಸುಣ್ಣ ಬಳಿದಾಯಿತು ಎಂದ ಮಾತ್ರಕ್ಕೆ ಗುಡಿ ಗುಡಿಯಾಗುವುದಿಲ್ಲ. ಮೂಲದಲ್ಲಿ ಇದ್ದು ಕಣ್ಣಿಗೆ ಕಾಣದ ಒಂದನ್ನು ವಿಧಿಪೂರ್ವಕವಾಗಿ ಹಿಂದಕ್ಕೆ ತರಬೇಕು. ಹ್ಯಾಂಗರಿನ ತೇಪೆಗೂ ಈ ಗುಡಿಗೂ ಹೋಲಿಕೆಯಿರುವುದು ಇಲ್ಲಿ, ಕಳಶದ ತಾಮ್ರದಲ್ಲಲ್ಲ.

ಸಿಡಿಲಿನ ಮುನ್ಸೂಚನೆಯೂ ಈಗ ಉತ್ತರ ಬೆಂಗಳೂರಿನ ಒಂದು ಕಸುಬಾಗಿದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಆರಂಭವಾದ ಘಟಕವು ಇಂದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಅದು 2018ರಲ್ಲಿ ಹೊರತಂದ ಮೊಬೈಲ್ ತಂತ್ರಾಂಶಕ್ಕೆ ಇಟ್ಟ ಹೆಸರು ಅಚ್ಚಗನ್ನಡದ್ದು: ಸಿಡಿಲು.

ನಮ್ಮೂರಿನ ಗುಡಿಗೆ ಕೆಲವು ವರ್ಷಗಳ ಹಿಂದೆ ನಿಜವಾದ ಮಿಂಚುವಾಹಕ ಬಂದಿತು. ಕಳಶಕ್ಕಿಂತ ಎತ್ತರದ ತಾಮ್ರದ ಸರಳು, ಹೊರಗೋಡೆಯ ಮೇಲೆ ಇಳಿಬಿಟ್ಟ ಪಟ್ಟಿ, ಇದ್ದಿಲು ಉಪ್ಪು ತುಂಬಿದ ಗುಂಡಿ. ಗುಂಡಿಯ ಮುಚ್ಚಳಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಕಳೆದ ಸಲ ಹೋದಾಗ ಗೋಪುರಕ್ಕೆ ಹೊಸದಾಗಿ ಬಣ್ಣ ಹೊಡೆದಿತ್ತು. ಬಣ್ಣದವರು ಅಡ್ಡವಾಗುತ್ತದೆಂದು ಪಟ್ಟಿಯ ಕೂಡಿಕೆಯನ್ನು ಬಿಚ್ಚಿದ್ದವರು ಮತ್ತೆ ಸೇರಿಸಿರಲಿಲ್ಲ. ಆಳೆತ್ತರದಲ್ಲಿ ಅದು ಗಾಳಿಗೆ ಅಲ್ಲಾಡುತ್ತಿತ್ತು. ಸಮಿತಿಯ ಹಿರಿಯರೊಬ್ಬರನ್ನು ಕರೆದು ತೋರಿಸಿದೆ. ಮೇ ತಿಂಗಳ ಸಂಜೆ, ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಬೇಡ, ನಾಳೆ ಬೆಳಿಗ್ಗೆ ಮಾಡಿಸೋಣ, ಈಗ ಅದನ್ನು ಮುಟ್ಟಬಾರದು ಎಂದರು. ಮರುದಿನ ಎರಡು ಬೋಲ್ಟು ಹಾಕಿ ಬಿಗಿದರು.